ಬೀಗಿತ್ತಿಯ ಅಡುಗೆ ಕಟ್ಟೆ

ಕಟ್ಟಡದ ಕೆಲಸದವರೆಲ್ಲ ಅವಳನ್ನು ಸಂದಿ ಅಕ್ಕ ಎನ್ನುತ್ತಿದ್ದರು. ಅವಳಿಗಿಂತ ಹತ್ತು ವರ್ಷ ದೊಡ್ಡವನಾದ ಟೈಲ್ಸ್ ಮೇಸ್ತ್ರಿಯ ಬಾಯಲ್ಲೂ ಅದೇ ಹೆಸರು. ಗೋಡೆಗೆ, ಕಟ್ಟೆಗೆ ಟೈಲ್ಸ್ ಕೂರಿಸುವುದು ಮೇಸ್ತ್ರಿಯ ಕೆಲಸ. ಒಂದು ಟೈಲಿಗೂ ಮತ್ತೊಂದಕ್ಕೂ ನಡುವೆ ಅವನು ಬಿಟ್ಟ ಸಂದಿಗೆ ಗ್ರೌಟ್ ಎಂಬ ಸಿಮೆಂಟಿನ ಹಿಟ್ಟು ಕಲಸಿ ತುಂಬಿ, ಮೇಲೆ ಅಂಟಿದ್ದನ್ನು ಒರೆಸಿ, ಮನೆಯವರಿಗೆ ಒಪ್ಪಿಸುವುದು ಇವಳ ಕೆಲಸ. ಮೂವತ್ತು ವರ್ಷದಿಂದ ಅದೊಂದನ್ನೇ ಮಾಡಿಕೊಂಡು ಬಂದಿದ್ದಳು. ಬೆರಳಿನ ಗೆಣ್ಣುಗಳು ಸಿಮೆಂಟು ಕುಡಿದು ಕುಡಿದು ಸಿಮೆಂಟಿನ ಬಣ್ಣಕ್ಕೇ ತಿರುಗಿದ್ದವು.

ಹೊಸ ಮನೆಯ ಕೆಲಸವೆಂದರೆ ಅವಳಿಗೆ ಹೂವೆತ್ತಿದಷ್ಟು ಹಗುರ. ಮೈ ಉರಿಸುತ್ತಿದ್ದದ್ದು ಹಳೆಯ ಅಡುಗೆಮನೆಗಳು. ಒಲೆಯಿಟ್ಟ ಕಟ್ಟೆ, ಅದರ ಹಿಂದಿನ ಗೋಡೆ, ಇವೆರಡರ ಸಂದಿಯಲ್ಲಿದ್ದ ಹಳೆಯ ಗ್ರೌಟನ್ನು ಮೊಂಡು ಉಳಿಯಿಂದ ಕೆರೆದು ತೆಗೆದು ಹೊಸದು ತುಂಬಬೇಕು. ಕೆರೆದಂತೆಲ್ಲ ಬರುತ್ತಿದ್ದದ್ದು ಗ್ರೌಟಲ್ಲ, ಆ ಮನೆಯ ಹತ್ತು ವರ್ಷದ ಊಟದ ಎಂಜಲು. ಹಾಲು ಉಕ್ಕಿ ಹೆಪ್ಪುಗಟ್ಟಿದ ಹಳದಿ ಪುಡಿ, ಎಣ್ಣೆ ಕಾದು ಕಾದು ಗೋಂದಾದ ಕಪ್ಪು, ಅದಕ್ಕೆ ಅಂಟಿಕೊಂಡ ಜಿರಳೆಯ ಮೀಸೆ, ಯಾರದೋ ತಲೆಗೂದಲು. ಮೂಗಿಗೆ ಬಟ್ಟೆ ಕಟ್ಟಿದರೂ ವಾಸನೆ ಗಂಟಲಲ್ಲಿ ಕೂರುತ್ತಿತ್ತು. ಮೀನು ತೊಳೆಯುವ ಮನೆಯ ವಾಸನೆ ಬೇರೆ, ಮೊಟ್ಟೆ ಒಡೆಯುವ ಮನೆಯದು ಬೇರೆ, ಒದ್ದೆ ಬಟ್ಟೆಯನ್ನು ಕಟ್ಟೆಯ ಮೇಲೇ ಮುದುರಿಡುವ ಮನೆಯದು ಎಲ್ಲಕ್ಕಿಂತ ಕೆಟ್ಟದು. ಕಣ್ಣು ಕಟ್ಟಿ ಬಿಟ್ಟರೂ ಯಾವುದು ಯಾವುದೆಂದು ಹೇಳಬಲ್ಲೆನೆಂಬ ಜಂಬ ಅವಳಿಗಿತ್ತು.

ಅಸಹ್ಯವನ್ನು ನುಂಗಿಕೊಂಡು ಸುಮ್ಮನಿರುವ ಜಾಯಮಾನವೂ ಅವಳದಲ್ಲ. ಮಧ್ಯಾಹ್ನ ಕೆಲಸದವರೆಲ್ಲ ಮರಳಿನ ರಾಶಿಯ ಪಕ್ಕ ಬುತ್ತಿ ಬಿಚ್ಚಿದರೆ ಇವಳು ಬಾಯಿ ಬಿಚ್ಚುತ್ತಿದ್ದಳು.

"ಆ ಮಹಡಿ ಮನೆ ವಕೀಲನ ಹೆಂಡ್ತಿ ಇದಾಳಲ್ಲ, ಉಗುರಿಗೆ ಬಣ್ಣ, ತುಟಿಗೆ ಬಣ್ಣ. ಅವಳ ಒಲೆ ಹಿಂದಿನ ಸಂದೀಲಿ ಏನು ಸಿಕ್ತು ಗೊತ್ತಾ?"

"ತಾಯೀ, ಕೈ ಮುಗೀತೀನಿ, ಬಾಯಲ್ಲಿ ತುತ್ತಿದೆ," ಎಂದು ಟೈಲ್ಸ್ ಮೇಸ್ತ್ರಿ ಡಬ್ಬಿ ಎತ್ತಿಕೊಂಡು ಗೋಡೆಯ ಆಚೆಗೆ ಹೋಗುತ್ತಿದ್ದ.

ಹೀಗೆ ಊಟದ ಹೊತ್ತಿನಲ್ಲಿ ಅವಳ ನಾಲಿಗೆಗೆ ಸಿಕ್ಕ ಅಡುಗೆಮನೆಗಳ ಪೈಕಿ ಅತಿ ಹೆಚ್ಚು ಸಲ ಸಿಕ್ಕಿದ್ದು ಅವಳ ಸ್ವಂತ ಬೀಗಿತ್ತಿಯದು, ಅಂದರೆ ಮಗಳ ಅತ್ತೆಯದು.

ಆ ಬೀಗಿತ್ತಿ ಸಾಮಾನ್ಯದವಳಲ್ಲ. ಇಪ್ಪತ್ತೆಂಟು ವರ್ಷ ಆಸ್ಪತ್ರೆಯ ಅಡುಗೆಮನೆಯಲ್ಲಿ ಹಿರಿಯ ಅಡುಗೆಯವಳಾಗಿದ್ದು ನಿವೃತ್ತಳಾದವಳು. ಮುನ್ನೂರು ರೋಗಿಗಳಿಗೆ ಗಂಜಿ ಕಾಯಿಸಿದ ಕೈ. ಗಂಡ ಸತ್ತ ಮೇಲೆ ಒಬ್ಬಳೇ ದುಡಿದು ಮನೆ ಕಟ್ಟಿಸಿ ಮಗನನ್ನು ಓದಿಸಿದ್ದಳು. ಆರು ವರ್ಷದ ಹಿಂದೆ ಸಂದಿ ಅಕ್ಕನ ಮಗಳು ಆ ಮನೆಗೆ ಸೊಸೆಯಾಗಿ ಹೋಗುವ ಮುಂಚೆ ಅಡುಗೆಮನೆಗೆ ಹೊಸ ಟೈಲ್ಸ್ ಹಾಕಿಸಿದಾಗ, ಸಂದಿ ತುಂಬುವ ಕೆಲಸವನ್ನು ಸಂದಿ ಅಕ್ಕ ತಾನೇ ಮುಂದೆ ಬಿದ್ದು ಮಾಡಿಕೊಟ್ಟಿದ್ದಳು. ಹಾಲಿನ ಬಣ್ಣದ ಗ್ರೌಟು. ನೋಡಿದವರೆಲ್ಲ ಹೊಗಳಿದ್ದರು.

ಎರಡು ವರ್ಷ ತುಂಬುವ ಮೊದಲೇ ಆ ಹಾಲಿನ ಬಣ್ಣ ಮಸಿಯ ಬಣ್ಣವಾಯಿತು. ಮಗಳು ತವರಿಗೆ ಬಂದಾಗಲೆಲ್ಲ ಅದೇ ರಾಗ. "ಅಮ್ಮ, ಆ ಕಟ್ಟೆ ನೋಡಿದ್ರೆ ನನಗೆ ಹೊಟ್ಟೆ ತೊಳಸುತ್ತೆ. ಎಷ್ಟು ಉಜ್ಜಿದ್ರೂ ಬಿಡಲ್ಲ. ಅತ್ತೆ ಅದೇನು ಚೆಲ್ತಾರೋ, ಎಲ್ಲಿ ಒರೆಸ್ತಾರೋ." ಸಂದಿ ಅಕ್ಕ ಒಮ್ಮೆ ಹೋಗಿ ದೂರದಿಂದಲೇ ಕಣ್ಣಾಡಿಸಿ ಬಂದಳು. ಹೊರಡುವಾಗ ಮಗಳ ಕಿವಿಯಲ್ಲಿ, "ಮುದುಕಿಗೆ ಆಸ್ಪತ್ರೆ ಅಭ್ಯಾಸ. ತೊಳೆಯೋಕೆ ಆಳುಗಳಿದ್ರು, ಇವಳು ಚೆಲ್ಕೊಂಡು ಹೋಗ್ತಿದ್ಲು," ಎಂದಳು.

ಆ ಒಂದು ಮಾತು ಸಾಕಾಯಿತು. ಮಗಳು ಒಂದು ಬೆಳಿಗ್ಗೆ ಅತ್ತೆಯ ಕೈಯಿಂದ ಸೌಟು ತೆಗೆದುಕೊಂಡಳು. "ಇನ್ನು ನೀವು ಕೂತ್ಕೊಳ್ಳಿ ಅತ್ತೆ. ಒಲೆ ಕಡೆ ನಾನು ನೋಡ್ಕೊಳ್ತೀನಿ," ಎಂದಳು. ಮಾತೇನೋ ಮೆತ್ತಗಿತ್ತು. ಆದರೆ ಅಂದಿನಿಂದ ಮುದುಕಿ ತಾನು ಕಟ್ಟಿಸಿದ ಮನೆಯ ಅಡುಗೆಮನೆಯ ಬಾಗಿಲು ದಾಟುವಂತಿರಲಿಲ್ಲ. ಸೊಸೆ ಬಟ್ಟೆ ಅಂಗಡಿಯ ಕೆಲಸಕ್ಕೆ ಹೋಗುವಾಗ ಫ್ಲಾಸ್ಕಿನಲ್ಲಿ ಚಹಾ, ಮುಚ್ಚಿದ ತಟ್ಟೆಯಲ್ಲಿ ಊಟ ಇಟ್ಟು ಹೋಗುತ್ತಿದ್ದಳು. ಮುನ್ನೂರು ಜನಕ್ಕೆ ಬಡಿಸಿದವಳು ಆರಿದ ಅನ್ನವನ್ನು ಒಬ್ಬಳೇ ಉಣ್ಣುತ್ತಿದ್ದಳು. ಹೀಗೆ ಎರಡು ವರ್ಷ ನಡೆಯಿತು. ಸಂದಿ ಅಕ್ಕನಿಗೆ ಅದರಲ್ಲೇನೂ ತಪ್ಪು ಕಂಡಿರಲಿಲ್ಲ.

ಆಮೇಲೊಂದು ದಿನ ಬೀಗಿತ್ತಿಯೇ ಫೋನು ಮಾಡಿದಳು.

"ನಾಳೆ ಬರ್ತೀಯಾ?"

"ಯಾಕ್ರೀ, ಏನಾಯ್ತು?"

"ಏನೂ ಆಗಿಲ್ಲ. ನಿನ್ನ ಉಳಿ ತಗೊಂಡು ಬಾ. ಕಟ್ಟೆ ಸಂದಿ ಪೂರ್ತಿ ಕೆರೆದು ತೆಗಿ. ನನ್ನ ಕಣ್ಮುಂದೆ ತೆಗಿ. ಅದರೊಳಗಿರೋ ಕೊಳೆ ನನ್ನದೇ ಅಂತಾದ್ರೆ ಸಾಯೋವರೆಗೂ ಆ ಬಾಗಿಲು ದಾಟಲ್ಲ, ನಿನ್ನ ಮಗಳು ಹಾಕಿದ್ದು ಉಂಡ್ಕೊಂಡಿರ್ತೀನಿ. ನನ್ನದಲ್ಲ ಅಂತಾದ್ರೆ ಅದನ್ನ ನೀನೇ ಹೇಳ್ಬೇಕು. ನಿನ್ನ ಮಗಳು ನನ್ನ ಮಾತು ನಂಬಲ್ಲ, ನಿನ್ನ ಮಾತು ನಂಬ್ತಾಳೆ."

ಇದೊಳ್ಳೆ ತಮಾಷೆಯಾಯಿತಲ್ಲ ಎಂದುಕೊಂಡಳು ಸಂದಿ ಅಕ್ಕ. ಕೊಳೆಗೆ ಸಾಕ್ಷಿ ಬೇರೆ ಬೇಕೆ? ಮಾರನೇ ದಿನ ಒಂಬತ್ತು ಗಂಟೆಗೆ ಚೀಲ ಹೆಗಲಿಗೇರಿಸಿಕೊಂಡು ಹೋದಳು. ಮಗಳು ಅಂಗಡಿಗೆ, ಅಳಿಯ ಕೆಲಸಕ್ಕೆ ಹೊರಟುಹೋಗಿದ್ದರು. ಬೀಗಿತ್ತಿ ಅಡುಗೆಮನೆಯ ಬಾಗಿಲಾಚೆ ಒಂದು ಮೋಟು ಸ್ಟೂಲು ಹಾಕಿಕೊಂಡು ಕೂತಿದ್ದಳು. ಕಾಲಿನ ಹೆಬ್ಬೆರಳು ಕೂಡ ಒಳಗೆ ಬರದ ಹಾಗೆ ಮುದುರಿಕೊಂಡಿದ್ದಳು.

"ಒಳಗೆ ಬನ್ನಿ, ಕಾಣ್ಬೇಕಲ್ಲ ನಿಮಗೆ," ಎಂದಳು ಸಂದಿ ಅಕ್ಕ.

"ಕಾಣುತ್ತೆ. ಕಣ್ಣಿನ ಆಪರೇಷನ್ ಆಗಿದೆ. ಶುರು ಮಾಡು."

ಸಂದಿ ಅಕ್ಕ ಮೂಗಿಗೆ ಬಟ್ಟೆ ಕಟ್ಟಿದಳು. ಕಟ್ಟೆಯ ಮೇಲೆ ಹಳೇ ಪೇಪರು ಹಾಸಿದಳು. ಒಲೆಯನ್ನು ಎತ್ತಿ ಕೆಳಗಿಟ್ಟಳು. ಒಲೆಯ ಕಾಲುಗಳಿದ್ದ ಜಾಗದಲ್ಲಿ ನಾಲ್ಕು ಕಂದು ಉಂಗುರ, ಉಂಗುರದ ಸುತ್ತ ಇರುವೆಯ ಸಾಲು. ಉಳಿಯನ್ನು ಮೊದಲ ಸಂದಿಗಿಟ್ಟು ಒಂದು ಸಲ ಎಳೆದಳು. ಕರಿ ಮುದ್ದೆ ಹುಳದಂತೆ ಸುರುಳಿ ಸುತ್ತಿಕೊಂಡು ಎದ್ದು ಬಂತು. ಹಳಸಿದ ಎಣ್ಣೆ, ಹುಳಿ ಹಿಡಿದ ಹಾಲು, ಅದರ ಕೆಳಗೆ ಸತ್ತ ಇಲಿಯನ್ನು ನೆನಪಿಸುವ ಯಾವುದೋ ಒಂದು ಘಾಟು.

"ಥೂ," ಎಂದಳು. ಬಾಯಿ ತಪ್ಪಿ ಬಂದದ್ದಲ್ಲ, ಕೇಳಲಿ ಎಂದೇ ಅಂದದ್ದು.

"ಹೂಂ, ಉಗಿ. ಅದಕ್ಕೇ ಕರೆಸಿದ್ದು," ಎಂದಳು ಬೀಗಿತ್ತಿ.

"ನಿಮಗೆ ಬೇಜಾರಾಗ್ಬಾರ್ದು ಬೀಗರೇ. ಆದ್ರೆ ಇದನ್ನ ಹಂದಿನೂ ಮೂಸಲ್ಲ."

"ನನಗೆ ಯಾಕೆ ಬೇಜಾರು? ದಿನಾ ರಾತ್ರಿ ಬಿಸಿನೀರು, ಸೋಡಾ ಹಾಕಿ ಉಜ್ಜಿದ್ದೀನಿ. ಹಲ್ಲುಜ್ಜೋ ಬ್ರಷ್ ಹಿಡ್ಕೊಂಡು ಗೆರೆ ಗೆರೆ ಉಜ್ಜಿದ್ದೀನಿ. ನೀನು ಎಳಿ."

ಹಾಗೆಯೇ ಎಲ್ಲರೂ ಹೇಳುವುದು ಎಂದು ಸಂದಿ ಅಕ್ಕ ಮನಸ್ಸಿನಲ್ಲೇ ನಕ್ಕಳು. ವಕೀಲನ ಹೆಂಡತಿಯೂ ಹಾಗೇ ಹೇಳಿದ್ದಳು. ಎಳೆದಳು, ಕೆರೆದಳು, ಪೇಪರಿನ ಮೇಲೆ ಗುಡ್ಡೆ ಹಾಕಿದಳು. ಹನ್ನೊಂದು ಗಂಟೆಯ ಹೊತ್ತಿಗೆ ಕಟ್ಟೆಯ ಅರ್ಧ ಮುಗಿದಿತ್ತು. ಎಲ್ಲ ಸಂದಿಯೂ ಬೆಣ್ಣೆಯಷ್ಟು ಸಲೀಸಾಗಿ ಬಿಟ್ಟುಕೊಡುತ್ತಿತ್ತು. ಮೊದಮೊದಲು ಕೆಲಸ ಬೇಗ ಸಾಗುತ್ತಿದೆಯಲ್ಲ ಎಂದು ಖುಷಿಯಾಯಿತು. ಆಮೇಲೆ ಆ ಸಲೀಸೇ ಅವಳನ್ನು ಚುಚ್ಚತೊಡಗಿತು. ಗ್ರೌಟು ಹೀಗೆ ಬರಬಾರದು. ಆರು ವರ್ಷದ ಗ್ರೌಟನ್ನು ಕೀಳಬೇಕಾದರೆ ಮೊಣಕೈ ನೋಯಬೇಕು. ಒಂದು ಚೂರನ್ನು ಬೆರಳ ಸಂದಿಯಲ್ಲಿಟ್ಟು ಹೊಸಕಿದಳು. ಹಿಟ್ಟು ಹಿಟ್ಟಾಯಿತು. ನೀರಿನ ಹನಿ ಬಿಟ್ಟಳು. ಒಣ ರೊಟ್ಟಿಯ ತುಂಡು ಹಾಲನ್ನು ಕುಡಿದಂತೆ ಗಟಗಟನೆ ಕುಡಿಯಿತು. ಎಣ್ಣೆಯನ್ನೂ ಹಾಲನ್ನೂ ಇದು ಇದೇ ರೀತಿ ಕುಡಿದಿರಬೇಕು. ಇಂಥದರ ಮೇಲೆ ಮುದುಕಿಯಲ್ಲ, ಮೂರು ಆಳುಗಳನ್ನಿಟ್ಟು ಉಜ್ಜಿಸಿದರೂ ಅಷ್ಟೇ. ಉಜ್ಜಿದಷ್ಟೂ ಕೊಳೆಯ ನೀರು ಒಳಕ್ಕೆ ಇಳಿಯುತ್ತದೆ.

ಗ್ರೌಟಿನ ಚೀಲವೇ ಕಳಪೆಯಿರಬೇಕು ಎಂದುಕೊಂಡಳು. ಹಾಗೆಂದುಕೊಂಡಾಗ ಸ್ವಲ್ಪ ಹಿತವಾಯಿತು.

ಗೋಡೆಯ ಬಲತುದಿಯಲ್ಲಿ ನೀರಿನ ಪೈಪು ಇಳಿದಿತ್ತು. ಪೈಪಿನ ಹಿಂದೆ ಒಂದು ಗೇಣು ಉದ್ದದ ಸಂದಿ. ಅಲ್ಲಿಗೆ ಉಳಿಯಿಟ್ಟು ಎಳೆದಳು. ಉಳಿ ಜಾರಿತು. ಮತ್ತೆ ಎಳೆದಳು. ಕರ್ರ್ ಎಂದಿತೇ ಹೊರತು ಒಂದು ಚೂರೂ ಬರಲಿಲ್ಲ. ಬಗ್ಗಿ ಕಣ್ಣಿಟ್ಟು ನೋಡಿದಳು. ಪೈಪಿನ ಹಿಂದಿನ ಆ ಒಂದು ಗೇಣು ಇವತ್ತು ತುಂಬಿದ ಹಾಗೆ ಹಾಲಿನ ಬಣ್ಣಕ್ಕಿತ್ತು. ಮೇಲೆ ಕೂತ ಧೂಳನ್ನು ಹೆಬ್ಬೆರಳಿನಿಂದ ತಳ್ಳಿದರೆ ಹೋಯಿತು. ಗಟ್ಟಿ ಎಂದರೆ ಕಲ್ಲು.

ಅದೇ ಚೀಲದ್ದು, ಅವತ್ತೇ ಕಲಸಿದ್ದು, ತುಂಬಿದ್ದೂ ಅವಳೇ.

ಆಗ ಅವಳಿಗೆ ಆ ದಿನ ಅಂಗೈಯಲ್ಲಿಟ್ಟಂತೆ ಕಂಡಿತು. ಗ್ರೌಟು ತುಂಬಿದ ಮೇಲೆ ಟೈಲಿನ ಮೇಲೆ ಬೂದು ಬಳಿದಂತೆ ಒಂದು ಪೊರೆ ಉಳಿಯುತ್ತದೆ. ಸ್ಪಂಜನ್ನು ನೀರಲ್ಲಿ ಅದ್ದಿ, ಒಂದು ಹನಿಯೂ ತೊಟ್ಟಿಕ್ಕದ ಹಾಗೆ ಹಿಂಡಿ, ಒಂದೇ ಒಂದು ಸಲ ಎಳೆದು ಬಿಡಬೇಕು. ಉಳಿದ ಪೊರೆಯನ್ನು ಸಂದಿ ಗಟ್ಟಿಯಾದ ಮೇಲೆ ಒಣಬಟ್ಟೆಯಲ್ಲಿ ತೆಗೆಯಬೇಕು. ಹಸಿ ಸಂದಿಗೆ ನೀರು ಹೆಚ್ಚಾದರೆ ಸಿಮೆಂಟು ತೊಳೆದುಹೋಗಿ ಬರೀ ಪುಡಿ ಉಳಿಯುತ್ತದೆ. ಕೆಲಸಕ್ಕೆ ಸೇರಿದ ಮೊದಲ ವಾರದವರಿಗೂ ಇದು ಗೊತ್ತು. ಆದರೆ ಆ ಪೊರೆಯೆಂದರೆ ಸಂದಿ ಅಕ್ಕನಿಗೆ ಎಂಜಲು ತಟ್ಟೆ ನೋಡಿದಂತೆ. ಬೇರೆಯವರ ಮನೆಗಳಲ್ಲಿ ಹಲ್ಲು ಕಚ್ಚಿ ಬಿಡುತ್ತಿದ್ದಳು. ಅವತ್ತು ಮಗಳು ಬಾಳಬೇಕಾದ ಮನೆ. ಬಕೆಟ್ಟಿನ ನೀರು ಬದಲಿಸಿ ಬದಲಿಸಿ ನಾಲ್ಕು ಸಲ ಒರೆಸಿದ್ದಳು. ಟೈಲು ಕನ್ನಡಿಯಾಗುವವರೆಗೆ, ನೀರು ಸಂದಿಯಲ್ಲಿ ನಿಂತು ಹೊಳೆಯುವವರೆಗೆ ಒರೆಸಿದ್ದಳು. ಪೈಪಿನ ಹಿಂದೆ ಮಾತ್ರ ಸ್ಪಂಜು ಹಿಡಿದ ಕೈ ಹೋಗಿರಲಿಲ್ಲ.

ಬಟ್ಟೆಯ ಮರೆಯಲ್ಲಿ ಅವಳ ಉಸಿರು ಅವಳಿಗೇ ನಾರಿತು. ಪೇಪರಿನ ಮೇಲಿನ ಆ ಕರಿ ಗುಡ್ಡೆ, ಆ ಘಾಟು, ಎಲ್ಲವೂ ಅವಳ ಕೈಯಿಂದ ಹುಟ್ಟಿದ್ದು. ಹತ್ತಾರು ಜನರ ಊಟ ಕೆಡಿಸಿ ಮುದುಕಿಯ ತಲೆಗೆ ಕಟ್ಟಿದ್ದು. ಮೈಮೇಲೆ ಏನೋ ಹರಿದಂತಾಗಿ ಮೊಣಕೈಯನ್ನು ಸೀರೆಗೆ ಉಜ್ಜಿಕೊಂಡಳು.

ಅವಳು ಮೊದಲು ಮಾಡಿದ್ದು ಒಪ್ಪಿಕೊಳ್ಳುವ ಕೆಲಸವಲ್ಲ. ಉಳಿಯ ಹಿಂಬದಿಗೆ ಸುತ್ತಿಗೆ ಕೊಟ್ಟು ಆ ಒಂದು ಗೇಣನ್ನೂ ಕಿತ್ತುಹಾಕಲು ನೋಡಿದಳು. ಅದೊಂದು ಹೋದರೆ ಕೇಳುವವರಿಲ್ಲ, ಹೇಳುವವರಿಲ್ಲ. ಠಣ್, ಠಣ್ ಎಂದಿತು.

"ಅಲ್ಲೇನು ಸದ್ದು ಬೇರೆ?" ಬಾಗಿಲಾಚೆಯಿಂದ ಬೀಗಿತ್ತಿ ಕೇಳಿದಳು. ಪಾತ್ರೆಯ ಸದ್ದಿನಿಂದಲೇ ಗಂಜಿ ತಳ ಹಿಡಿದದ್ದನ್ನು ಕಂಡುಹಿಡಿಯುತ್ತಿದ್ದ ಕಿವಿ.

"ಏನಿಲ್ಲ. ಇಲ್ಲಿ ಸ್ವಲ್ಪ ಗಟ್ಟಿ ಕೂತಿದೆ."

"ಯಾಕೆ, ಅಲ್ಲಿ ಮಾತ್ರ?"

"ಪೈಪ್ ಅಡ್ಡ ಇದೆಯಲ್ಲ," ಎಂದಳು ಸಂದಿ ಅಕ್ಕ. ಅದು ಸುಳ್ಳೂ ಅಲ್ಲ, ನಿಜವೂ ಅಲ್ಲ. ಅಷ್ಟು ಹೇಳಿ ಸುತ್ತಿಗೆ ಕೆಳಗಿಟ್ಟು ಎಡಗಡೆಯ ಸಂದಿಗೆ ಹೋದಳು. ಆಮೇಲಿನ ನಾಲ್ಕು ಗಂಟೆ ಹೊತ್ತು ಥೂ ಎನ್ನಲಿಲ್ಲ. ಬೀಗಿತ್ತಿ ಮುಚ್ಚಿದ ತಟ್ಟೆಯನ್ನು ತೊಡೆಯ ಮೇಲಿಟ್ಟುಕೊಂಡು ಉಂಡಳು, ತೊಳೆಯಲು ತಟ್ಟೆ ಹಿಡಿದು ಹಿತ್ತಲ ನಲ್ಲಿಗೆ ಸುತ್ತುಬಳಸಿ ಹೋಗಿ ಬಂದಳು. ಅಡುಗೆಮನೆಯ ಸಿಂಕು ಅವಳಿಂದ ಮೂರು ಹೆಜ್ಜೆ ದೂರದಲ್ಲಿತ್ತು.

ನಾಲ್ಕೂವರೆಗೆ ಮಗಳು ಬಂದಳು. ಚಪ್ಪಲಿ ಬಿಟ್ಟು ಒಳಗೆ ಕಾಲಿಟ್ಟವಳೇ ಪೇಪರಿನ ಮೇಲಿನ ಗುಡ್ಡೆ ನೋಡಿ ಸೆರಗಿನಿಂದ ಮೂಗು ಮುಚ್ಚಿಕೊಂಡಳು. ತುಟಿಯ ಒಂದು ಕೊನೆ ಮೇಲೆ ಹೋಯಿತು, ಹುಬ್ಬು ಗಂಟಾಯಿತು, ಮೂಗಿನ ಹೊಳ್ಳೆ ಅರಳಿತು. ಸಂದಿ ಅಕ್ಕ ಆ ಮುಖವನ್ನು ನೋಡಿದಳು. ಎಷ್ಟು ಮನೆಗಳಲ್ಲಿ ಎಷ್ಟು ಹೆಂಗಸರು ತನ್ನಲ್ಲೂ ಇದೇ ಮುಖವನ್ನು ನೋಡಿರಬೇಕು. ಇಷ್ಟು ವಿಕಾರವಾಗಿರುತ್ತದೆ ಎಂದು ಅವಳಿಗೆ ತಿಳಿದಿರಲಿಲ್ಲ.

"ನೋಡಿದ್ರಾ ಅತ್ತೆ? ಕಣ್ಣಾರೆ ನೋಡಿದ್ರಲ್ಲ? ಇದರ ಮೇಲೆ ನಾವು ಅಡುಗೆ ಮಾಡಿ ತಿಂದಿದ್ದೀವಿ. ಈಗ್ಲಾದ್ರೂ ಒಪ್ಕೊಳ್ತೀರಾ?"

ಬೀಗಿತ್ತಿ ಸಂದಿ ಅಕ್ಕನನ್ನು ನೋಡಿದಳು. ಒಂದು ಗಳಿಗೆ ನೋಡಿ, ಮೊಣಕಾಲಿನ ಮೇಲೆ ಕೈಯೂರಿ ಎದ್ದು, ಸ್ಟೂಲನ್ನು ಎತ್ತಿಕೊಂಡು ತನ್ನ ಕೋಣೆಯ ಕಡೆ ತಿರುಗಿದಳು. ಹೋದರೆ ಮುಗಿಯಿತು; ಇನ್ನು ಸಾಯುವವರೆಗೂ ಫ್ಲಾಸ್ಕಿನ ಚಹಾ.

"ನಿಂತ್ಕೊಳ್ಳಿ ಬೀಗರೇ," ಎಂದಳು ಸಂದಿ ಅಕ್ಕ. ಮೂಗಿನ ಬಟ್ಟೆ ಬಿಚ್ಚಿದಳು. "ಇದು ನಿಮ್ಮ ಕೊಳೆ ಅಲ್ಲ. ನನ್ನದು."

"ಏನಮ್ಮ ಹೇಳ್ತಿದೀಯ?" ಎಂದಳು ಮಗಳು.

"ಬಾ ಇಲ್ಲಿ. ಪೈಪಿನ ಹಿಂದೆ ಕೈ ಹಾಕು. ಹಾಕೇ, ಕಚ್ಚಲ್ಲ. ಗಟ್ಟಿ ಇದೆಯಾ? ಬೆಳ್ಳಗಿದೆಯಾ? ಅಲ್ಲಿ ನಾನು ಒರೆಸಿಲ್ಲ. ಉಳಿದ ಕಡೆಯೆಲ್ಲ ಹಸಿ ಇರೋವಾಗಲೇ ನಾಲ್ಕು ಸಲ ನೀರು ಹೊಯ್ದು ತೊಳೆದೆ. ಸಿಮೆಂಟೆಲ್ಲ ಬಕೆಟ್ಟಿಗೆ ಹೋಯ್ತು. ಬರೀ ಹಿಟ್ಟು ಉಳೀತು. ಅದು ಎಣ್ಣೆ ಕುಡಿದು ಹೀಗಾಯ್ತು. ನಿಮ್ಮತ್ತೆ ಉಜ್ಜಿದಷ್ಟೂ ಇನ್ನಷ್ಟು ಕುಡೀತು."

"ನೀನೇ ಅಲ್ವಾ ಹೇಳಿದ್ದು, ಮುದುಕಿಗೆ ಆಸ್ಪತ್ರೆ ಅಭ್ಯಾಸ ಅಂತ?" ಮಗಳ ಮುಖ ಕೆಂಪಾಯಿತು. "ನಾನು ನಿನ್ನ ಮಾತು ಕೇಳ್ಕೊಂಡು ಎರಡು ವರ್ಷ... ಈಗ ಇವರ ಮುಂದೆ ನನ್ನ ಮುಖಕ್ಕೆ ಮಸಿ ಬಳೀತಿದೀಯಲ್ಲ!"

"ಮಸಿ ನನ್ನದೂಂತ ಹೇಳ್ತಿದೀನಿ."

ಬೀಗಿತ್ತಿ ಸ್ಟೂಲು ಕೆಳಗಿಟ್ಟಳು. "ಆಸ್ಪತ್ರೆ ಅಭ್ಯಾಸವಾ?" ಎಂದಳು. ದನಿ ಏರಲಿಲ್ಲ. "ಇಪ್ಪತ್ತೆಂಟು ವರ್ಷ. ಒಬ್ಬ ರೋಗಿಗೆ ನನ್ನ ಅಡುಗೆಯಿಂದ ಹೊಟ್ಟೆ ಕೆಟ್ಟಿಲ್ಲ. ನೆಲ ಒರೆಸಿದ ಮೇಲೇ ಮನೆಗೆ ಬರ್ತಿದ್ದೆ. ಎರಡು ವರ್ಷದಿಂದ ನನಗೇ ಅನುಮಾನ ಬಂದಿತ್ತು ಕಣೇ. ವಯಸ್ಸಾಯ್ತು, ಎಲ್ಲೋ ಚೆಲ್ತಿದ್ದೀನೇನೋ, ಗೊತ್ತಾಗ್ತಿಲ್ವೇನೋ ಅಂತ. ಕೈ ಮೂಸಿ ನೋಡ್ಕೊಳ್ತಿದ್ದೆ." ಆಮೇಲೆ ಸಂದಿ ಅಕ್ಕನ ಕಡೆ ತಿರುಗಿದಳು. "ಬೆಳಿಗ್ಗೆ ಸದ್ದು ಬೇರೆಯಾದಾಗಲೇ ನಿನಗೆ ಗೊತ್ತಾಗಿತ್ತು."

"ಗೊತ್ತಾಗಿತ್ತು."

"ನೀನು ಅದನ್ನ ಕಿತ್ತುಹಾಕೋಕೆ ನೋಡ್ದೆ."

ಸಂದಿ ಅಕ್ಕ ತಲೆ ತಗ್ಗಿಸಿದಳು.

"ಥೂ," ಎಂದಳು ಬೀಗಿತ್ತಿ. ಅಷ್ಟು ಹೇಳಿ ಅಡುಗೆಮನೆಯ ಬಾಗಿಲು ದಾಟಿ ಒಳಗೆ ಬಂದಳು. ಆ ಗುಡ್ಡೆಯನ್ನು ಪೇಪರಿನ ಸಮೇತ ಮುದುರಿ, ಮೂಗು ಮುಚ್ಚದೆ ಎತ್ತಿಕೊಂಡು ಹೋಗಿ ಹೊರಗಿನ ಕಸದ ತೊಟ್ಟಿಗೆ ಹಾಕಿ ಬಂದಳು.

ಮಾರನೇ ದಿನ ಬೆಳಿಗ್ಗೆ ಸಂದಿ ಅಕ್ಕ ಹೊಸ ಗ್ರೌಟು ಕಲಸಿದಳು. ಬೀಗಿತ್ತಿ ಪಕ್ಕದಲ್ಲೇ ನಿಂತು ಹದ ಕೇಳಿದಳು, ಒಂದು ಚಿಟಿಕೆ ಬೆರಳಿಗೆ ತೆಗೆದುಕೊಂಡು ನೋಡಿದಳು, "ಇನ್ನೂ ಕಲಸು, ಗಂಟಿದೆ" ಎಂದಳು. ಗಂಟು ಇತ್ತು. ಸಂದಿ ಅಕ್ಕ ಇನ್ನಷ್ಟು ಕಲಸಿದಳು. ಹತ್ತು ನಿಮಿಷ ಬಿಟ್ಟು ಮತ್ತೆ ತಿರುವಿ, ರಬ್ಬರ್ ಹಲಗೆಯಿಂದ ಓರೆಯಾಗಿ ಒತ್ತಿ ಒತ್ತಿ ಕಟ್ಟೆಗೂ ಗೋಡೆಗೂ ತುಂಬಿದಳು. ಪೈಪಿನ ಹಿಂದಿನ ಒಂದು ಗೇಣು ಮುಟ್ಟಲಿಲ್ಲ. ಒರೆಸುವ ಹೊತ್ತು ಬಂದಾಗ ಸ್ಪಂಜಿಗೆ ಕೈ ಚಾಚಿದರೆ ಬಕೆಟ್ಟು ಅಲ್ಲಿರಲಿಲ್ಲ. ಬೀಗಿತ್ತಿಯ ಕೈಯಲ್ಲಿತ್ತು. ಬೀಗಿತ್ತಿ ಸ್ಪಂಜು ಅದ್ದಿದಳು, ಎರಡೂ ಕೈಯಿಂದ ಹಿಂಡಿದಳು, ಇನ್ನೊಮ್ಮೆ ಹಿಂಡಿದಳು, ಒಂದು ಹನಿಯೂ ಬೀಳದಿದ್ದಾಗ ಇವಳ ಕೈಗೆ ಕೊಟ್ಟಳು.

"ಒಂದು ಸಲ."

"ನನಗೆ ಗೊತ್ತು ಬೀಗರೇ."

"ಆರು ವರ್ಷದ ಹಿಂದೆಯೂ ಗೊತ್ತಿತ್ತು."

ಸಂದಿ ಅಕ್ಕ ಒಂದು ಸಲ ಎಳೆದಳು. ಕಟ್ಟೆಯ ತುಂಬ ಬೂದು ಪೊರೆ ಉಳಿಯಿತು. ಮಕ್ಕಳು ಎಂಜಲು ಕೈ ಒರೆಸಿದ ಗೋಡೆಯಂತೆ ಪಟ್ಟೆ ಪಟ್ಟೆ. ಅವಳ ಬೆರಳು ತಾನಾಗಿ ಸ್ಪಂಜಿನ ಕಡೆ ಹೋಯಿತು.

"ಆ ಮೂಲೆಯೊಂದು. ಒಂದೇ ಒಂದು, ನೋಡಕ್ಕಾಗಲ್ಲ."

"ಕೊಡು ಇಲ್ಲಿ." ಬೀಗಿತ್ತಿ ಸ್ಪಂಜನ್ನು ಕಿತ್ತುಕೊಂಡು ಬಕೆಟ್ಟಿಗೆ ಎಸೆದು, ಬಕೆಟ್ಟನ್ನು ಹಿತ್ತಲಿಗೆ ಒಯ್ದು ಖಾಲಿ ಮಾಡಿ ಬೋರಲು ಹಾಕಿದಳು. "ಸಂಜೆ ಒಣಬಟ್ಟೆ ಕೊಡ್ತೀನಿ. ಅಲ್ಲೀವರೆಗೂ ಕೂತ್ಕೋ. ಅದನ್ನ ನೋಡ್ಕೊಂಡೇ ಕೂತ್ಕೋ."

ಕಟ್ಟೆ ಗಟ್ಟಿಯಾಗುವವರೆಗೆ ಅಲ್ಲಿ ಒಲೆಯಿಡುವಂತಿರಲಿಲ್ಲ. ಬೀಗಿತ್ತಿ ಒಲೆಯನ್ನು ಹಜಾರದ ನೆಲದ ಮೇಲೆ ಇಟ್ಟುಕೊಂಡಳು. ಅಂಗಡಿಗೆ ರಜೆ ಹಾಕಿ ಮುಖ ಊದಿಸಿಕೊಂಡು ಗೋಡೆಗೊರಗಿ ನಿಂತಿದ್ದ ಸೊಸೆಗೆ, "ಉಪ್ಪಿನ ಡಬ್ಬಿ ತಗೊಂಡು ಬಾ. ಈರುಳ್ಳಿ ಸಣ್ಣಗೆ ಹೆಚ್ಚು, ನೀನು ಯಾವಾಗ್ಲೂ ಕೊಡಲೀಲಿ ಸೌದೆ ಸೀಳಿದ ಹಾಗೆ ಹೆಚ್ತೀಯ," ಎಂದಳು. ಸೊಸೆ ಊದಿದ ಮುಖದಲ್ಲೇ ಗೋಡೆ ಬಿಟ್ಟು ಹೋಗಿ ಉಪ್ಪು ತಂದಳು.

ಈರುಳ್ಳಿ ಬೇಯುವ ವಾಸನೆ ಅಡುಗೆಮನೆಯವರೆಗೂ ಬಂತು. ಸಂದಿ ಅಕ್ಕ ಎರಡೂ ಕೈಗಳನ್ನು ತೊಡೆಯ ಕೆಳಗಿಟ್ಟುಕೊಂಡು, ಆ ಕೊಳಕು ಪೊರೆಯನ್ನು ನೋಡುತ್ತ, ಏಳದೆ ಕೂತಿದ್ದಳು.